ಎರಡನೆಯ ಗೆರೆ

ಕಾನೂನು ಕಾಲೇಜಿಗೆ ಹೊಸದಾಗಿ ಸೇರಿದ ಉಪನ್ಯಾಸಕಿಯೊಬ್ಬಳು ಹೋದ ತಿಂಗಳು ಮನೆಗೆ ಬಂದು, ‘ಮೇಡಂ, ನನಗೂ ವೈದ್ಯಕೀಯ ನೀತಿಶಾಸ್ತ್ರದ ಪೇಪರ್ ಕೊಟ್ಟಾರ್ರಿ. ಯಾವ ಪುಸ್ತಕ ಓದ್ಲಿ?’ ಎಂದು ಕೇಳಿದಳು. ಚಹಾ ಕುಡಿಸಿ, ಪುಸ್ತಕಗಳ ಪಟ್ಟಿ ಬರೆದುಕೊಟ್ಟು ಕಳಿಸಿದೆ. ಅವಳು ಗೇಟು ದಾಟಿದ ಮೇಲೆ ನನ್ನ ಮೇಲೆ ನನಗೇ ಸಿಟ್ಟು ಬಂತು. ಮೂವತ್ತೊಂದು ವರ್ಷ ಇದೇ ವಿಷಯ ಕಲಿಸಿದವಳು ನಾನು. ಪುಸ್ತಕದಲ್ಲಿ ಇಲ್ಲದ್ದನ್ನು ಹೇಳಬೇಕಿತ್ತು, ಅದನ್ನು ಬಿಟ್ಟು ಕಿರಾಣಿ ಅಂಗಡಿಗೆ ಚೀಟಿ ಬರೆದಂತೆ ಬರೆದುಕೊಟ್ಟೆನಲ್ಲ! ಅದಕ್ಕೇ ಇದನ್ನು ಬರೆಯಲು ಕೂತಿದ್ದೇನೆ.

ರೀಡರ್ ಆದದ್ದು, ಪ್ರಾಧ್ಯಾಪಕಿ ಆದದ್ದು, ಶಾಲು ಹೊದಿಸಿಕೊಂಡದ್ದು ಎಲ್ಲ ನನ್ನ ಸರ್ವಿಸ್ ರಿಜಿಸ್ಟರಿನಲ್ಲಿದೆ, ಬೇಕಾದವರು ಅಲ್ಲಿ ನೋಡಿಕೊಳ್ಳಲಿ. ನಾನು ಹೇಳಹೊರಟಿರುವುದು ನಾನೇ ಎಳೆದ ಒಂದು ಗೆರೆಯ ಕತೆ. ಆ ಗೆರೆಯಿಂದ ಕನ್ನೊಳ್ಳಿಯ ಹೆಣ್ಣುಮಗಳೊಬ್ಬಳ ಸಂಸಾರ ಬೀದಿಗೆ ಬೀಳುವುದರಲ್ಲಿತ್ತು.

ಮೊದಲು ನನ್ನ ದಡ್ಡತನದಿಂದಲೇ ಸುರು ಮಾಡುತ್ತೇನೆ. ಕೆಲಸಕ್ಕೆ ಸೇರಿದ ಮೂರನೆಯ ವರ್ಷ ಬಸವನ ಬಾಗೇವಾಡಿಯಲ್ಲಿ ಸುತ್ತಲಿನ ಡಾಕ್ಟರರಿಗೂ ನರ್ಸುಗಳಿಗೂ ಒಂದು ದಿನದ ತರಬೇತಿ ಇತ್ತು. ರೋಗಿಯ ಒಪ್ಪಿಗೆ ಎಂದರೇನು ಎಂಬುದು ನನ್ನ ಭಾಗಕ್ಕೆ ಬಂದ ವಿಷಯ. ಎರಡು ತಾಸು ಒಂದರ ಹಿಂದೆ ಒಂದು ತೀರ್ಪು ಹೇಳಿದೆ. ಮುಂದಿನ ಸಾಲಿನ ಡಾಕ್ಟರೊಬ್ಬರು ಕಣ್ಣುಮುಚ್ಚಿ ಆಳವಾಗಿ ಯೋಚಿಸುತ್ತಿದ್ದಾರೆ ಎಂದುಕೊಂಡಿದ್ದೆ, ಗೊರಕೆ ಕೇಳಿದ ಮೇಲೆ ನಿಜ ತಿಳಿಯಿತು. ಕೊನೆಗೆ ಹಿಂದಿನ ಸಾಲಿನಿಂದ ವಯಸ್ಸಾದ ನರ್ಸೊಬ್ಬರು ಎದ್ದು ನಿಂತರು.

‘ಅಕ್ಕೋರ, ಒಂದು ಮಾತು ಕೇಳಲ್ರಿ? ಆಪರೇಷನ್ ಮಾಡೂದೈತಿ, ಏನಂತೀಯವ್ವಾ ಅಂತ ನಾವು ಕೇಳ್ತೀವಿ. ನನಗೇನು ಗೊತ್ತೈತ್ರಿ, ನಮ್ಮ ಮಂದಿ ಹೊರಗ ನಿಂತಾರ, ಅವರನ್ನ ಕೇಳ್ರಿ ಅಂತಾರ. ನಿಮ್ಮ ಕಾಯ್ದೇದಾಗ ಇದಕ್ಕ ಏನಂತಾರ್ರಿ? ಹೂಂ ಅಂದಂಗೋ, ಒಲ್ಲೆ ಅಂದಂಗೋ?’

ಊಟದ ಹೊತ್ತಾಯಿತು ಎಂದು ಜಾರಿಕೊಂಡೆ. ಆ ಪ್ರಶ್ನೆಗೆ ಅಂದೇ ನಿಂತು ತಲೆಕೆಡಿಸಿಕೊಂಡಿದ್ದರೆ ಮುಂದಿನದು ನಡೆಯುತ್ತಿರಲಿಲ್ಲ ಎಂದು ಈಗ ಅನಿಸುತ್ತದೆ.

ಆ ತರಬೇತಿಯಲ್ಲಿದ್ದವರಲ್ಲಿ ಇಂಡಿ ಊರಿನ ಡಾಕ್ಟರ್ ಮುಲ್ಲಾ ಒಬ್ಬರು. ನನಗಿಂತ ಹತ್ತು ವರ್ಷ ದೊಡ್ಡವರು, ಮಾತು ಖಡಕ್, ಕೈ ಮೃದು. ಇಂಡಿ ನನ್ನ ತವರು, ಹಾಗಾಗಿ ಸಲಿಗೆ ಹೆಚ್ಚು. ‘ವಕೀಲಬಾಯಿ, ನೀವು ಆಸ್ಪತ್ರಿ ನೋಡಿಲ್ಲ, ಆಸ್ಪತ್ರಿ ಮ್ಯಾಲಿನ ತೀರ್ಪು ನೋಡೀರಿ. ರಜಾದಾಗ ಎಂಟು ದಿನ ಬಂದು ನನ್ನ ಖೋಲ್ಯಾಗ ಕೂಡ್ರಿ. ಬಾಯಿ ಮಾತ್ರ ಬಿಚ್ಚಬ್ಯಾಡ್ರಿ,’ ಎಂದರು. ನನಗೆ ಬಾಯಿ ಮುಚ್ಚಿಕೊಂಡು ಕೂರುವುದು ಎಷ್ಟು ಕಷ್ಟ ಎಂದು ನನ್ನ ವಿದ್ಯಾರ್ಥಿಗಳು ಬಲ್ಲರು. ಆದರೂ ಕೂತೆ.

ಎಂಟು ದಿನದಲ್ಲಿ ಕಂಡದ್ದು ಒಂದೇ. ರೋಗಿ ಸ್ಟೂಲಿನ ಮೇಲೆ ಕೂತಿರುತ್ತಾಳೆ, ಮಾತೆಲ್ಲ ಅವಳ ತಲೆಯ ಮೇಲಿಂದ ಹಿಂದೆ ನಿಂತವರಿಗೆ ಹೋಗುತ್ತದೆ. ಸಾಲೋಟಗಿಯಿಂದ ಬಂದ ಅಜ್ಜಿಯೊಬ್ಬಳಿಗೆ ‘ಎಲ್ಲಿ ನೋಯ್ತದವ್ವಾ?’ ಎಂದು ಡಾಕ್ಟರು ಕೇಳಿದರೆ, ಹಿಂದಿದ್ದ ಅಳಿಯ ‘ಮೊಣಕಾಲ್ರಿ’ ಎಂದ. ಅಜ್ಜಿ ಹೊಟ್ಟೆ ಹಿಡಿದುಕೊಂಡು ಕೂತಿದ್ದಳು. ಕರೆದುಕೊಂಡು ಬಂದವರೇ ಯಜಮಾನರು, ರೋಗಿಯಾಗಿ ಬಂದವರು ಬರೀ ಸಾಮಾನು. ನನಗೆ ಉರಿದುಹೋಯಿತು.

ಆ ಸಿಟ್ಟಿನಲ್ಲೇ ಒಂದು ಒಪ್ಪಿಗೆ ಪತ್ರ ತಯಾರಿಸಿದೆ. ಆಗ ಈ ಕಡೆಯ ಆಸ್ಪತ್ರೆಗಳಲ್ಲಿ ಇದ್ದದ್ದು ಯಾರಿಗೂ ಓದಲು ಬಾರದ ಇಂಗ್ಲಿಷ್ ಹಾಳೆ. ನಾನು ಕನ್ನಡದಲ್ಲಿ ಒಂದು ಪುಟ ಬರೆದೆ: ಏನು ಕಾಯಿಲೆ, ಏನು ಕೊಯ್ಯುತ್ತಾರೆ, ಕೊಯ್ಯದಿದ್ದರೆ ಏನಾಗುತ್ತದೆ, ಕೆಳಗೆ ರೋಗಿಯ ಸಹಿಗೆ ಒಂದು ಗೆರೆ. ಒಂದೇ ಒಂದು ಗೆರೆ. ಟೈಪು ಮಾಡಿಸುವಷ್ಟು ತಾಳ್ಮೆ ಇರಲಿಲ್ಲ, ನನ್ನ ಕೈಬರಹದಲ್ಲೇ ಕೊಟ್ಟೆ. ಅಕ್ಷರ ದುಂಡಗಿತ್ತು, ಅದರ ಬಗ್ಗೆ ನನಗೆ ಸ್ವಲ್ಪ ಸೊಕ್ಕೂ ಇತ್ತು. ಪುಟದ ಬುಡದಲ್ಲಿ ಸಣ್ಣದಾಗಿ ನನ್ನ ಹೆಸರು ಬರೆದೆ. ಡಾಕ್ಟರ್ ಮುಲ್ಲಾ ಜೆರಾಕ್ಸ್ ಮಾಡಿಸಿ ಬಳಸತೊಡಗಿದರು.

ಆರೇಳು ತಿಂಗಳಾಗಿರಬೇಕು. ಮಾರ್ಕೆಟ್ಟಿನಲ್ಲಿ ಲಿಂಬೆಯ ಚೀಲ ಏರಿಸುತ್ತಿದ್ದ ಹಮಾಲನೊಬ್ಬನ ಮೇಲೆ ಲಾರಿ ಹಿಂದಕ್ಕೆ ಬಂತು. ಆಸ್ಪತ್ರೆಗೆ ತಂದಾಗ ಅವನಿಗೆ ಪ್ರಜ್ಞೆ ಇರಲಿಲ್ಲ. ಡಾಕ್ಟರ್ ಮುಲ್ಲಾ ಹಳ್ಳಿಗೆ ಹೋಗಿದ್ದರು, ಹೊಸ ಡಾಕ್ಟರೊಬ್ಬ ಇದ್ದ. ಅವನು ನನ್ನ ಫಾರ್ಮು ಹಿಡಿದುಕೊಂಡು ನಿಂತುಬಿಟ್ಟ. ರೋಗಿಯ ಸಹಿ ಎಂದಿದೆ, ರೋಗಿಗೆ ಎಚ್ಚರವಿಲ್ಲ. ಹೊರಗೆ ಹಮಾಲನ ಅಣ್ಣ ‘ನಾ ಮಾಡ್ತೇನಿ ಸಹಿ, ನಾ ಮಾಡ್ತೇನಿ’ ಎಂದು ಬಾಗಿಲು ಬಡಿಯುತ್ತಿದ್ದ. ‘ನಿಮ್ಮ ಸಹಿಗೆ ಜಾಗಾ ಇಲ್ಲ’ ಎಂದನಂತೆ ಈ ಪುಣ್ಯಾತ್ಮ. ಡಾಕ್ಟರ್ ಮುಲ್ಲಾ ಓಡಿ ಬರುವ ಹೊತ್ತಿಗೆ ಮುಕ್ಕಾಲು ತಾಸು ಹೋಗಿತ್ತು. ಜೀವ ಉಳಿಯಿತು, ಬಲಗಾಲು ಉಳಿಯಲಿಲ್ಲ.

ಜೀವಕ್ಕೆ ಅಪಾಯವಿದ್ದಾಗ ಯಾರ ಸಹಿಯೂ ಬೇಡ, ಡಾಕ್ಟರು ಮೊದಲು ಕೆಲಸ ಮಾಡಬೇಕು. ಕಾನೂನು ಇದೇ ಹೇಳುತ್ತದೆ. ನನಗೆ ಗೊತ್ತಿತ್ತು, ಆದರೆ ಫಾರ್ಮಿನಲ್ಲಿ ಬರೆದಿರಲಿಲ್ಲ. ಡಾಕ್ಟರ್ ಮುಲ್ಲಾ ಫೋನಿನಲ್ಲಿ ಬೈದರು: ‘ನಿಮ್ಮ ಒಂದು ಗೆರಿ ಸಲುವಾಗಿ ಒಬ್ಬಾಂವನ ಕಾಲು ಹೋತು ವಕೀಲಬಾಯಿ. ಮತ್ತೊಂದು ಗೆರಿ ಹಾಕ್ರಿ. ರೋಗಿ ಕಡೆಯವರೂ ಸಹಿ ಮಾಡುವಂಗ ಇರ್ಲಿ.’

ಮರುದಿನವೇ ಇಂಡಿಗೆ ಹೋದೆ. ರೋಗಿಯ ಸಹಿಯ ಕೆಳಗೆ ಇನ್ನೊಂದು ಗೆರೆ ಎಳೆದು ‘ರೋಗಿಯ ಪರವಾಗಿ, ಕಡೆಯವರು’ ಎಂದು ಬರೆದೆ. ‘ರೋಗಿಗೆ ಪ್ರಜ್ಞೆ ಇಲ್ಲದಿದ್ದರೆ ಮಾತ್ರ’ ಎಂದು ಸೇರಿಸಬೇಕಿತ್ತು. ಪುಟದ ಬುಡದಲ್ಲಿ ಜಾಗವಿರಲಿಲ್ಲ. ಮುಂದಿನ ತರಬೇತಿಗಳಲ್ಲಿ ಬಾಯಿಂದ ಹೇಳಿದರಾಯಿತು ಎಂದುಕೊಂಡೆ. ಈ ಕೆಲಸಕ್ಕೆ ಬರುವವರು ಇದೊಂದನ್ನು ನೆನಪಿಡಿ: ಬಾಯಿಂದ ಹೇಳಿದ್ದು ಮೊದಲ ಸಾಲಿನ ಗೊರಕೆಯವರೆಗೂ ಹೋಗುವುದಿಲ್ಲ, ಬರೆದು ಬಿಟ್ಟದ್ದು ನಾಲ್ಕು ತಾಲ್ಲೂಕು ತಿರುಗುತ್ತದೆ.

ತಿರುಗಿತು ಕೂಡ. ಇಂಡಿಯಿಂದ ಸಿಂದಗಿಗೆ, ಅಲ್ಲಿಂದ ಬಾಗೇವಾಡಿಗೆ, ಮುದ್ದೇಬಿಹಾಳಕ್ಕೆ. ಜೆರಾಕ್ಸಿನ ಜೆರಾಕ್ಸು ಆಗುತ್ತ ಆಗುತ್ತ ಪುಟದ ಬುಡ ಕತ್ತರಿಸಿಹೋಗಿ ನನ್ನ ಹೆಸರು ಮಾಯವಾಯಿತು. ಒಮ್ಮೆ ಮುದ್ದೇಬಿಹಾಳದ ಒಂದು ದವಾಖಾನೆಯ ಕಿಟಕಿಯಲ್ಲಿ ನನ್ನದೇ ಅಕ್ಷರದ ಹಾಳೆಗಳ ಕಟ್ಟು ಕಂಡು ಎಷ್ಟು ಬೀಗಿದೆ ಎಂದರೆ, ಅಲ್ಲಿದ್ದ ಕಂಪೌಂಡರನನ್ನು ಮಾತಾಡಿಸಿ ‘ಇದು ನಂದಪ್ಪಾ’ ಎನ್ನುವುದೊಂದು ಬಾಕಿ. ಅಂದು ಹಾಗೆ ಅಂದು, ಎರಡನೆಯ ಗೆರೆಯ ಮೇಲೆ ಯಾರು ಸಹಿ ಮಾಡುತ್ತಿದ್ದಾರೆ ಎಂದು ತೆಗೆದು ನೋಡಿದ್ದರೆ ಸಾಕಿತ್ತು. ನೋಡಲಿಲ್ಲ.

ನಿವೃತ್ತಿಗೆ ಏಳು ತಿಂಗಳಿದ್ದಾಗ ಒಂದು ಫೈಲು ಬಂತು. ಆಸ್ಪತ್ರೆಗಳ ಮೇಲಿನ ದೂರು ವಿಚಾರಿಸುವ ಮೂವರ ಸಮಿತಿಯಲ್ಲಿ ನಾನು ಕಾನೂನಿನ ಸದಸ್ಯೆ. ಅಧ್ಯಕ್ಷರು ಒಬ್ಬ ನಿವೃತ್ತ ಅಧಿಕಾರಿ, ಇನ್ನೊಬ್ಬರು ಬೇರೆ ತಾಲ್ಲೂಕಿನ ಲೇಡಿ ಡಾಕ್ಟರು. ದೂರು ಕೊಟ್ಟವಳು ಕನ್ನೊಳ್ಳಿಯ ರೇಣವ್ವ, ಇಪ್ಪತ್ತೇಳು ವರ್ಷ, ಒಂದು ಹೆಣ್ಣುಮಗುವಿನ ತಾಯಿ. ಹೊಟ್ಟೆನೋವು, ರಕ್ತಸ್ರಾವ ಎಂದು ಸಿಂದಗಿಯ ಒಂದು ಖಾಸಗಿ ಆಸ್ಪತ್ರೆಗೆ ಹೋಗಿದ್ದಳು. ಹೊಟ್ಟೆಯಲ್ಲಿನ ಗಡ್ಡೆ ತೆಗೆಯುತ್ತೇವೆ ಎಂದು ಅವಳಿಗೆ ಹೇಳಿ ಗರ್ಭಚೀಲವನ್ನೇ ತೆಗೆದಿದ್ದರು. ಒಂದು ವರ್ಷದ ಮೇಲೆ, ಮುಟ್ಟು ಯಾಕೆ ನಿಂತಿದೆ, ಇನ್ನೊಂದು ಮಗು ಯಾಕೆ ನಿಲ್ಲುತ್ತಿಲ್ಲ ಎಂದು ಆರೋಗ್ಯ ಕೇಂದ್ರದಲ್ಲಿ ಕೇಳಿದಾಗ ಅವಳಿಗೆ ವಿಷಯ ತಿಳಿದಿತ್ತು.

ಅಷ್ಟೇ ಆಗಿದ್ದರೆ ಬೇರೆ. ಅಂದು ಸಹಿ ಮಾಡಿದ್ದವನು ಅವಳ ಗಂಡನ ಅಣ್ಣ ಮಲ್ಲಪ್ಪ. ಮಾತು ಹೊರಬಿದ್ದ ಮೇಲೆ ಅವನು, ‘ಆಕೀಗೆ ಎಲ್ಲಾ ಗೊತ್ತಿತ್ತು, ತಾನs ಹೂಂ ಅಂದು ತಗಿಸಿಕೊಂಡು ಗಂಡಗ ಮುಚ್ಚಿಟ್ಟಾಳ’ ಎಂದು ಊರ ಹಿರಿಯರ ಮುಂದೆ ಹೇಳಿಬಿಟ್ಟಿದ್ದ. ಗಂಡನಿಗೆ ಇಂಗಳೇಶ್ವರದ ಕಡೆಯ ಒಂದು ಹೆಣ್ಣು ಗೊತ್ತು ಮಾಡಿದ್ದರು, ಮುಂದಿನ ತಿಂಗಳು ಮದುವೆ. ಅದಕ್ಕೆ ಮೊದಲು ಈಕೆಯ ಕೈಯಿಂದ ಸೋಡಚೀಟಿ, ಅಂದರೆ ಮದುವೆಯ ಬಿಡುಗಡೆ ಪತ್ರ, ಬರೆಸಿಕೊಂಡು ತವರಿಗೆ ಅಟ್ಟಬೇಕಿತ್ತು. ಅಂದು ಬೇಡವಾಗಿದ್ದ ಅವಳ ಸಹಿ ಈಗ ಆ ಮನೆಗೆ ಬೇಕಾಗಿತ್ತು. ರೇಣವ್ವನ ದೂರಿನಲ್ಲಿ ಇದ್ದದ್ದು ಎರಡೇ ಸಾಲು: ‘ನನಗೆ ತಿಳಿಸದೆ ಗರ್ಭಚೀಲ ತೆಗೆದಿದ್ದಾರೆ. ನನ್ನನ್ನು ಕೇಳಿಲ್ಲ ಎಂದು ಬರೆದು ಕೊಡಬೇಕು.’

ಓದುತ್ತ ಓದುತ್ತ ಆ ಡಾಕ್ಟರನನ್ನು ಮನಸ್ಸಿನಲ್ಲೇ ಗಲ್ಲಿಗೇರಿಸಿದ್ದೆ. ಫೈಲಿನ ಕೊನೆಯ ಹಾಳೆ ತಿರುವಿದೆ. ಓರೆಯಾದ, ಮಸುಕಾದ ಒಪ್ಪಿಗೆ ಪತ್ರ. ರೋಗಿಯ ಗೆರೆ ಖಾಲಿ. ಕೆಳಗೆ, ‘ರೋಗಿಯ ಪರವಾಗಿ, ಕಡೆಯವರು’ ಎಂಬ ದುಂಡಗಿನ ಅಕ್ಷರದ ಮುಂದೆ ಮಲ್ಲಪ್ಪನ ಸಹಿ. ನನ್ನ ಅಕ್ಷರ ನನಗೆ ಗೊತ್ತಾಗದೆ ಇರುತ್ತದೆಯೇ? ಹಾಳೆ ಮುಚ್ಚಿ ಎದ್ದು ಹೋಗಿ ನೀರು ಕುಡಿದೆ.

ಮರುದಿನ ಆ ಹಾಳೆ ಹಿಡಿದುಕೊಂಡು ಡಾಕ್ಟರ್ ಮುಲ್ಲಾರ ಮನೆಗೆ ಹೋದೆ. ಆ ಫಾರ್ಮು ಯಾರದು ಎಂದು ಬಲ್ಲವರು ಭೂಮಿಯ ಮೇಲೆ ಅವರೊಬ್ಬರೇ. ಅವರು ಹಾಳೆಯನ್ನು ಬಹಳ ಹೊತ್ತು ನೋಡಿದರು.

‘ಈಗ ನೀವು ಬಾಯಿ ಬಿಟ್ರ ಕಮಿಟಿಯಿಂದ ಹೊರಗ ಬೀಳ್ತೀರಿ. ನಿಮ್ಮ ಜಾಗಾಕ್ಕ ಮತ್ತೊಬ್ಬರನ್ನ ಹಾಕೂ ತನಕ ವಿಚಾರಣಿ ನಿಲ್ತೈತಿ. ಆ ಹುಡುಗಿ ಕಡೆ ಅಷ್ಟು ದಿನಾ ಎಲ್ಲೈತಿ?’

‘ಗೊತ್ತೈತ್ರಿ.’

‘ಸುಮ್ಮನ ಕುಂತು ಆಕೀಗೆ ಬೇಕಾದ ಕಾಗದಾ ಬರದು ಕೊಡ್ರಿ. ಆಮ್ಯಾಲ ನಿಮ್ಮ ತಪ್ಪಿಗೆ ತೋಬಾ ನೀವು ಮಾಡಿಕೊಳ್ರಿ. ಗೆರಿ ಹಾಕ್ರಿ ಅಂದಾಂವ ನಾನು. ಪಾಪದಾಗ ನಂದೂ ಪಾಲೈತಿ.’

ಮಾತು ಸರಿಯಾಗಿಯೇ ಕೇಳಿಸಿತು. ಆದರೆ ಹೆಣ್ಣುಮಗಳಿಗಾಗಿ ಸುಮ್ಮನಿರುತ್ತಿದ್ದೇನೆಯೋ, ನಿವೃತ್ತಿಯ ಹೊಸ್ತಿಲಲ್ಲಿ ನನ್ನ ಮರ್ಯಾದೆಗಾಗಿ ಸುಮ್ಮನಿರುತ್ತಿದ್ದೇನೆಯೋ ಎಂದು ಬಸ್ಸಿನಲ್ಲಿ ಬರುತ್ತ ಎಷ್ಟು ಕೇಳಿಕೊಂಡರೂ ತಿಳಿಯಲಿಲ್ಲ. ಹದಿನೈದು ದಿನ ಅನ್ನ ರುಚಿಸಲಿಲ್ಲ. ಕ್ಲಾಸಿನಲ್ಲಿ ಅದೇ ಒಪ್ಪಿಗೆಯ ಪಾಠ ಬಂದಾಗ ಪುಟ ಹಾರಿಸಿದೆ.

ವಿಚಾರಣೆ ಸಿಂದಗಿಯಲ್ಲಿ, ಒಂದು ಕಚೇರಿಯ ಸಭಾಭವನದಲ್ಲಿ. ಉದ್ದನೆಯ ಮೇಜು, ಮೇಲೆ ಗಡಗಡ ಸದ್ದು ಮಾಡುವ ಫ್ಯಾನು. ಅಧ್ಯಕ್ಷರು ಮೇಜಿನ ಆ ತುದಿಗೆ. ಎದುರು ಕುರ್ಚಿಯಲ್ಲಿ ಸರ್ಜನ್, ಅವನ ಪಕ್ಕ ಮಲ್ಲಪ್ಪ, ಬಿಳಿ ಧೋತರ, ಟೊಪ್ಪಿಗೆ, ಮೊಣಕಾಲ ಮೇಲೆ ಕೈ. ರೇಣವ್ವ ಬಾಗಿಲ ಬಳಿ ಗೋಡೆಗೆ ಮುಖ ಮಾಡಿ ನಿಂತಿದ್ದಳು, ಸೆರಗು ಹಣೆ ಮುಚ್ಚಿತ್ತು. ಗಂಡ ಗುರುಪಾದ ಒಳಗೇ ಬಂದಿರಲಿಲ್ಲ, ಅಂಗಳದಲ್ಲಿ ಬೈಕಿಗೆ ಒರಗಿ ನಿಂತಿದ್ದ.

‘ಏನವ್ವಾ, ಗರ್ಭಚೀಲ ತಗಿಯೂ ಮುಂದ ನಿನ್ನ ಕೇಳಿದ್ರೋ ಇಲ್ಲೋ?’ ಎಂದರು ಅಧ್ಯಕ್ಷರು.

ಎರಡನೆಯ ಸಲ ಕೇಳಿದರು. ಮೂರನೆಯ ಸಲ ದನಿ ಏರಿಸಿ ಕೇಳಿದರು. ಸೆರಗು ಇನ್ನಷ್ಟು ಕೆಳಗೆ ಬಂತು, ಅಷ್ಟೇ.

‘ನೋಡ್ರಿ ಸಾಹೇಬ್ರ,’ ಎಂದ ಸರ್ಜನ್. ‘ಕೇಳಿದ್ದು ಖರೇ ಐತಿ, ಅದಕ್ಕ ಸುಮ್ಮನ ನಿಂತಾಳ.’

ಅಧ್ಯಕ್ಷರು ಪೆನ್ನು ತೆಗೆದರು. ‘ದೂರುದಾರಳು ಉತ್ತರಿಸಲಿಲ್ಲ’ ಎಂದು ಬರೆದರೆ ಮುಗಿಯಿತು, ಅವಳ ಕತೆಯೂ ಮುಗಿಯಿತು. ನಾನು ‘ಒಂದು ನಿಮಿಷ’ ಎಂದೆ. ಮಲ್ಲಪ್ಪ ಹೊರಗೆ ಹೋಗಲಿ, ಆಮೇಲೆ ಕೇಳೋಣ ಎಂದೆ.

ಮಲ್ಲಪ್ಪ ಎದ್ದು ನಿಂತ. ‘ಆಪಾದನಿ ನನ್ನ ಮ್ಯಾಲೈತ್ರಿ ಬಾಯಾರ. ನನ್ನ ಬೆನ್ನ ಹಿಂದ ಮಾತಾಡ್ತೀರೇನ್ರಿ?’

‘ಅವರು ಅನ್ನೂದು ಬರೋಬ್ಬರಿ ಐತಿ,’ ಎಂದರು ಅಧ್ಯಕ್ಷರು. ‘ಇದನ್ನ ನಾ ನಿಮಗ ಹೇಳಬೇಕೇನ್ರಿ ಮೇಡಂ?’

ಹೇಳಬೇಕಿರಲಿಲ್ಲ. ಆಪಾದನೆ ಹೊತ್ತವನ ಎದುರಿಗೇ ಸಾಕ್ಷಿ ಆಗಬೇಕು ಎಂದು ಮೂವತ್ತೊಂದು ವರ್ಷ ನಾನೇ ಕಲಿಸಿದ್ದೆ. ಆದರೆ ಕನ್ನೊಳ್ಳಿಯಂಥ ಊರಿನಲ್ಲಿ ಇಂದಿಗೂ ಕೆಲವು ಮನೆಗಳ ಸೊಸೆಯಂದಿರು ಭಾವನ ಎದುರು ಬಾಯಿ ತೆರೆಯುವುದಿಲ್ಲ ಎಂಬುದನ್ನು ಯಾವ ಪುಸ್ತಕವೂ ನನಗೆ ಕಲಿಸಿರಲಿಲ್ಲ. ಕಲಿಸಿದ್ದವಳು ನನ್ನವ್ವ. ಇಂಡಿಯ ನಮ್ಮ ಮನೆಯಲ್ಲಿ ಅವ್ವ ದೊಡ್ಡಪ್ಪನ ಜೊತೆ ಒಂದು ದಿನವೂ ನೇರ ಮಾತಾಡಿದವಳಲ್ಲ. ದೊಡ್ಡಪ್ಪ ನಾಲ್ಕು ಮಾರು ದೂರ ಕೂತಿದ್ದರೂ ‘ಹೇಳವ್ವಾ ನಿಮ್ಮ ದೊಡ್ಡಪ್ಪಗ, ರೊಟ್ಟಿ ಆಗ್ಯಾವಂತ’ ಎಂದು ನನಗೆ ಹೇಳುತ್ತಿದ್ದಳು. ನಾನು ಅದನ್ನೇ ತಿರುಗಿ ಹೇಳುತ್ತಿದ್ದೆ. ದೊಡ್ಡಪ್ಪನ ಉತ್ತರವೂ ನನ್ನ ಮೂಲಕವೇ ಬರುತ್ತಿತ್ತು. ಜಗಳ ಕೂಡ ಹಾಗೆಯೇ ಆಡುತ್ತಿದ್ದರು.

ನಾನು ಕುರ್ಚಿ ಬಿಟ್ಟು ಎದ್ದೆ. ಹೋಗಿ ರೇಣವ್ವನ ಬಗಲಿಗೆ, ಅವಳಿಗೂ ಮಲ್ಲಪ್ಪನಿಗೂ ನಡುವೆ ನಿಂತೆ.

‘ನನಗ ಹೇಳವ್ವಾ,’ ಎಂದೆ. ‘ನಾ ಅವರಿಗೆ ಹೇಳ್ತೇನಿ.’

ಅವಳು ಸೆರಗಿನ ಅಂಚಿನಿಂದ ನನ್ನನ್ನು ಒಮ್ಮೆ ನೋಡಿದಳು. ಆಮೇಲೆ ಗೋಡೆಯ ಕಡೆಗೇ ತಿರುಗಿ, ಫ್ಯಾನಿನ ಸದ್ದಿನಲ್ಲಿ ನನಗಷ್ಟೇ ಕೇಳುವಂತೆ ಸುರು ಮಾಡಿದಳು.

‘ಹೇಳ್ರಿ ಅಕ್ಕೋರ. ನಾ ಬೆಂಚಿನ ಮ್ಯಾಲ ಕುಂತಿದ್ದೆ. ಎಚ್ಚರ ಇದ್ದೆ.’

ನಾನು ಅದನ್ನೇ ಗಟ್ಟಿಯಾಗಿ ಹೇಳಿದೆ. ಲೇಡಿ ಡಾಕ್ಟರು ಬರೆದುಕೊಳ್ಳತೊಡಗಿದರು.

‘ಗಡ್ಡಿ ಐತಿ ತಗೀತೀವಿ ಅಂದ್ರು. ಗಡ್ಡಿಗೆ ಹೂಂ ಅಂದೇನಿ. ಗರ್ಭಚೀಲದ ಮಾತು ನನ್ನ ಮುಂದ ಯಾರೂ ತಗದಿಲ್ಲ.’

ಹೇಳಿದೆ.

‘ಭಾವನೋರು ಸಹಿ ಮಾಡೂದು ಕಂಡೇನಿ. ಏನರಿ ಅದು ಅಂತ ನಾ ಕೇಳುವಂಗಿಲ್ಲ. ಅವರು ತಾವಾಗಿ ಹೇಳಲಿಲ್ಲ.’

ಅದನ್ನೂ ಹೇಳಿದೆ. ಮಲ್ಲಪ್ಪನ ಮುಖ ಕೆಂಪಾಯಿತು. ಆದರೆ ಅವನೂ ಆ ಮನೆಯ ಕಟ್ಟಿನಲ್ಲಿ ಬೆಳೆದವನೇ. ಅವಳ ಕಡೆ ನೋಡದೆ ನನಗೆ ಉತ್ತರ ಕೊಟ್ಟ.

‘ಆಕೀಗೆ ಹೇಳ್ರಿ ಬಾಯಾರ, ಮನ್ಯಾಗ ಹಿರ್ಯಾ ನಾನು. ಡಾಕ್ಟರು ಇಲ್ಲಿ ಸಹಿ ಮಾಡ್ರಿ ಅಂದ್ರು, ಮಾಡೇನಿ. ಆಕೀನ ಕೇಳಬೇಕು ಅಂತ ಆ ಕಾಗದದಾಗ ಎಲ್ಲಿ ಬರದೈತಿ? ಕೇಳು ಅಂತ ಬರದಿದ್ರ ಕೇಳ್ತಿದ್ದೆ.’

ಲೇಡಿ ಡಾಕ್ಟರ ಪೆನ್ನು ನಿಂತಿತು. ಅವಳನ್ನು ಕೇಳಿರಲಿಲ್ಲ ಎಂದು ಅವನ ಬಾಯಿಂದಲೇ ಬಂದುಬಿಟ್ಟಿತ್ತು. ಅವನಿಗೆ ಅದು ಅರಿವಾಗಲು ಸ್ವಲ್ಪ ಹೊತ್ತು ಹಿಡಿಯಿತು. ನಾನು ಒಳಗೊಳಗೇ ಉಬ್ಬಿದೆ. ಗೆದ್ದೆವು, ನಾನು ಬಾಯಿ ಬಿಡುವ ಅಗತ್ಯವೇ ಇಲ್ಲ ಎನಿಸಿತು.

ಆಗ ರೇಣವ್ವ ಗೋಡೆಗೆ ಮತ್ತೊಂದು ಮಾತು ಹೇಳಿದಳು.

‘ಹಂಗಾರ ಕೇಳ್ರಿ ಅಕ್ಕೋರ. ಆ ಕಾಗದಾ ಬರದವರು ಯಾರು? ನನ್ನ ಮೈಗೆ ಮತ್ತೊಬ್ಬರು ಸಹಿ ಮಾಡಬಹುದು ಅಂತ ಗೆರಿ ಹಾಕಿದವರು ಯಾರು?’

ಆ ತುದಿಯಿಂದ ಅಧ್ಯಕ್ಷರು ಕಿವಿಗೆ ಕೈ ಹಚ್ಚಿ, ‘ಏನಂತಾಳ್ರಿ ಮೇಡಂ? ಈ ಕಡೆ ಕೇಳ್ಸವಲ್ದು’ ಎಂದರು. ಕೇಳಿಸಿಕೊಂಡವಳು ನಾನೊಬ್ಬಳೇ. ‘ಮತ್ತೇನಿಲ್ಲಂತ್ರಿ’ ಎಂದಿದ್ದರೆ ನಡೆದುಹೋಗುತ್ತಿತ್ತು. ರೇಣವ್ವನಿಗೂ ಅದರಿಂದ ನಷ್ಟವಿರಲಿಲ್ಲ, ಲಾಭವೇ ಇತ್ತು. ಆದರೆ ಅವಳು ಗೋಡೆಯಿಂದ ಮುಖ ತಿರುಗಿಸಿ ನನ್ನ ಬಾಯನ್ನೇ ನೋಡುತ್ತಿದ್ದಳು. ಅಷ್ಟು ಹೊತ್ತು ಅವಳ ಮಾತು ಒಂದಕ್ಷರ ಬಿಡದೆ ಮುಟ್ಟಿಸಿದ್ದೆ. ಇದೊಂದನ್ನು ನುಂಗಿದರೆ ಮಲ್ಲಪ್ಪನಿಗೂ ನನಗೂ ಏನು ಫರಕು?

‘ಆ ಕಾಗದ ಬರೆದವರು ಯಾರು ಅಂತ ಕೇಳಾಕತ್ತಾಳ್ರಿ,’ ಎಂದೆ. ‘ನಾನು ಬರೆದೇನ್ರಿ.’

ಅಧ್ಯಕ್ಷರು ನಂಬಲಿಲ್ಲ. ನಾನು ಮೇಜಿಗೆ ಹೋಗಿ ಬಿಳಿ ಹಾಳೆಯ ಮೇಲೆ ‘ರೋಗಿಯ ಪರವಾಗಿ, ಕಡೆಯವರು’ ಎಂದು ಬರೆದು ಫೈಲಿನ ಹಾಳೆಯ ಪಕ್ಕ ಇಟ್ಟೆ. ಅಕ್ಷರಕ್ಕೆ ವಯಸ್ಸಾಗಿತ್ತು, ಗುರುತು ತಪ್ಪುವಂತಿರಲಿಲ್ಲ.

ಸರ್ಜನ್ ಕುರ್ಚಿಯಿಂದ ಜಿಗಿದ. ‘ಕಾಯ್ದೆ ಕಲಿಸೂ ಪ್ರೊಫೆಸರs ಬರದ ಫಾರ್ಮು! ಅದರಂಗ ನಡಕೊಂಡೇನಿ. ನಂದೇನು ತಪ್ಪು?’

‘ಫಾರ್ಮಿನ ತಪ್ಪು ನಂದು,’ ಎಂದೆ. ‘ಎಚ್ಚರ ಇಲ್ಲದವರ ಸಲುವಾಗಿ ಹಾಕಿದ ಗೆರಿ ಅದು. ಎಚ್ಚರ ಇಲ್ಲದವರಿಗೆ ಮಾತ್ರ ಅಂತ ಬರಿಲಿಲ್ಲ, ಅದು ನನ್ನ ತಪ್ಪು. ಆದ್ರ ಆಕಿ ಎಚ್ಚರ ಇದ್ದಳು, ಅಲ್ಲೇ ಬೆಂಚಿನ ಮ್ಯಾಲ ಕುಂತಿದ್ದಳು. ಅದನ್ನ ನೋಡಾಕ ಫಾರ್ಮು ಬೇಕೇನ್ರಿ ಡಾಕ್ಟರ? ಕಣ್ಣು ಸಾಕಾಗಿತ್ತು.’

ಅಧ್ಯಕ್ಷರಿಗೆ ಸಿಟ್ಟು ನೆತ್ತಿಗೇರಿತ್ತು, ಏರಬೇಕಾದದ್ದೇ. ‘ಹದಿನೈದು ದಿನಾ ಮುಚ್ಚಿಟ್ಟು ಇಲ್ಲಿ ಬಂದು ಸದಸ್ಯರಾಗಿ ಕುಂತೀರಿ. ಇದು ಎಲ್ಲಾ ರದ್ದಾಗತೈತಿ, ಮೊದಲಿಂದ ಮಾಡಬೇಕಾಗತೈತಿ’ ಎಂದು ಫೈಲು ಕಟ್ಟತೊಡಗಿದರು. ಯಾವುದಕ್ಕೆ ಹೆದರಿ ಬಾಯಿ ಮುಚ್ಚಿದ್ದೆನೋ ಅದೇ ಆಗುತ್ತಿತ್ತು. ರೇಣವ್ವನ ಕಡೆ ನೋಡುವ ಧೈರ್ಯ ಬರಲಿಲ್ಲ.

ಉಳಿಸಿದವರು ಅಷ್ಟು ಹೊತ್ತು ಮಾತೇ ಆಡದ ಲೇಡಿ ಡಾಕ್ಟರು. ‘ಸಾಹೇಬ್ರ, ಇಬ್ಬರಿದ್ರ ವಿಚಾರಣಿ ನಡೀತೈತಿ ಅಂತ ನಿಯಮದಾಗs ಐತಿ. ಮೇಡಂ ಕೆಳಗ ಇಳೀಲಿ, ಸಾಕ್ಷಿ ಹೇಳ್ಲಿ. ಆ ಮಲ್ಲಪ್ಪಂದೂ ಈಗs ಬರಕೊಂಡು ಸಹಿ ಮಾಡ್ಸೂಣ. ನಾಳೆ ಅಂದ್ರ ಆಂವ ಮಾತು ಬದಲಸ್ತಾನ.’

ಅಧ್ಯಕ್ಷರು ನಿಯಮದ ಪುಸ್ತಕ ತರಿಸಿ ನೋಡಿದರು. ಆ ಐದು ನಿಮಿಷ ನನ್ನ ವೃತ್ತಿಯಲ್ಲೇ ಅತಿ ಉದ್ದನೆಯದು. ಕೊನೆಗೆ ಹೂಂ ಎಂದರು. ನಾನು ಮೇಜಿನ ಹಿಂದಿನಿಂದ ನನ್ನ ಕುರ್ಚಿ ಎತ್ತಿಕೊಂಡು ಈ ಕಡೆ ಬಂದು, ಸಾಕ್ಷಿಯಾಗಿ ಕೂತು ಎಲ್ಲ ಹೇಳಿದೆ. ಹಮಾಲನ ಕಾಲಿನಿಂದ ಹಿಡಿದು ಡಾಕ್ಟರ್ ಮುಲ್ಲಾರ ಮನೆಯ ಮಾತಿನವರೆಗೆ ಏನನ್ನೂ ಬಿಡಲಿಲ್ಲ.

ಹನ್ನೊಂದು ದಿನಕ್ಕೆ ಆದೇಶ ಬಂತು. ರೇಣವ್ವನನ್ನು ಕೇಳಿರಲಿಲ್ಲ, ಅವಳಿಗೆ ತಿಳಿಸಿರಲಿಲ್ಲ ಎಂದು ಮೊದಲ ಸಾಲಿನಲ್ಲೇ ಇತ್ತು. ಸರ್ಜನ್ನಿನ ಮೇಲೆ ಕ್ರಮಕ್ಕೆ ಬರೆದಿದ್ದರು. ಕೊನೆಯ ಸಾಲು ನನ್ನ ಬಗ್ಗೆ: ಕಾನೂನು ಸದಸ್ಯೆ ವಿಷಯ ಮುಚ್ಚಿಟ್ಟದ್ದು ಸರಿಯಲ್ಲ, ಅವರನ್ನು ಸಮಿತಿಯಿಂದ ಕೈಬಿಡಲಾಗಿದೆ. ಆ ಸಾಲಿನೊಂದಿಗೇ ನಿವೃತ್ತಳಾದೆ. ಬೀಳ್ಕೊಡುಗೆಯಲ್ಲಿ ಯಾರೂ ಅದನ್ನು ಓದಲಿಲ್ಲ, ನಾನೇ ಓದಿದೆ. ಪ್ರಾಂಶುಪಾಲರು ಮುಖ ಹುಳ್ಳಗೆ ಮಾಡಿಕೊಂಡು ಹಾರ ಹಾಕಿದರು.

ರೇಣವ್ವ ಆದೇಶದ ಪ್ರತಿ ಹಿಡಿದುಕೊಂಡು ಮರುದಿನವೇ ಬಸ್ಸು ಹತ್ತಿ, ಬಾಗೇವಾಡಿಯಲ್ಲಿ ಇಳಿದು, ಇನ್ನೊಂದು ಬಸ್ಸು ಹಿಡಿದು ಇಂಗಳೇಶ್ವರಕ್ಕೆ ಹೋದಳಂತೆ. ಹೊಸ ಹೆಣ್ಣಿನ ತಾಯಿಯ ಕೈಗೆ ಕಾಗದ ಕೊಟ್ಟು, ‘ಇದನ್ನ ಓದಿ ಆಮ್ಯಾಲ ಮಗಳನ್ನ ಕೊಡ್ರೆವ್ವಾ’ ಎಂದಳಂತೆ. ಆ ತಾಯಿ ಓದಿಸಿಕೊಂಡು ಕೇಳಿ, ಕೇಳದೆ ಕೊಯ್ಯಿಸುವ ಮನೆಗೆ ಹೆಣ್ಣು ಕೊಡುವುದಿಲ್ಲ ಎಂದು ಅಲ್ಲಿಗೇ ಮುರಿದಳು. ಸೋಡಚೀಟಿಯ ಮಾತೂ ಅಲ್ಲಿಗೇ ನಿಂತಿತು. ಗುರುಪಾದ ಇಂದಿಗೂ ಅಣ್ಣನಿಗೆ ಎದುರು ಮಾತಾಡುವವನಲ್ಲ. ಆದರೆ ಅದೇ ಮನೆಯ ಇನ್ನೊಂದು ಪಡಸಾಲೆಯಲ್ಲಿ ಹೆಂಡತಿ ಮಗಳ ಜೊತೆ ಬೇರೆ ಒಲೆ ಹೂಡಿದ್ದಾನೆ. ಹೋದ ಗರ್ಭಚೀಲ ಯಾವ ಆದೇಶದಿಂದಲೂ ಬರುವುದಿಲ್ಲ.

ನಿವೃತ್ತಿಯಾದ ಮೇಲೆ ಮೊದಲು ಮಾಡಿದ ಕೆಲಸ ಹೊಸ ಫಾರ್ಮು. ಎರಡನೆಯ ಗೆರೆ ತೆಗೆದು ಹಾಕಿದೆ. ಜೀವಕ್ಕೆ ಅಪಾಯವಿದ್ದರೆ ಸಹಿಗೆ ಕಾಯಬೇಡಿ ಎಂದು ಮೇಲ್ಗಡೆಯೇ ದಪ್ಪಕ್ಷರದಲ್ಲಿ ಹಾಕಿದೆ. ಈ ಸಲ ಟೈಪು ಮಾಡಿಸಿದೆ, ಹೆಸರು ಪುಟದ ನೆತ್ತಿಯಲ್ಲಿ ಹಾಕಿದೆ, ಮುಂದೆ ಯಾರಿಗಾದರೂ ಬೈಯಬೇಕಾದರೆ ಹುಡುಕುವ ತೊಂದರೆ ಬೇಡ. ಡಾಕ್ಟರ್ ಮುಲ್ಲಾ ನೋಡಿದರು, ಲೇಡಿ ಡಾಕ್ಟರು ನೋಡಿದರು, ಇಬ್ಬರು ವಕೀಲರು ನೋಡಿದರು. ಎಲ್ಲರೂ ಚೆನ್ನಾಗಿದೆ ಎಂದರು. ಅಚ್ಚಿಗೆ ಕೊಡುವ ಮೊದಲು ಕನ್ನೊಳ್ಳಿಗೆ ಒಯ್ದೆ.

ರೇಣವ್ವ ಏಳನೆಯವರೆಗೆ ಸಾಲಿ ಕಲಿತವಳು. ಕಟ್ಟೆಯ ಮೇಲೆ ಕೂತು, ಸಾಲಿನ ಕೆಳಗೆ ಬೆರಳು ಇಟ್ಟುಕೊಂಡು ಪೂರ್ತಿ ಓದಿದಳು. ಕೆಳಗಿನ ಗೆರೆಗೆ ಬಂದಳು. ಹಾಳೆ ತಿರುವಿ ಹಿಂದೆ ನೋಡಿದಳು. ಮತ್ತೆ ಮುಂದೆ ನೋಡಿದಳು.

‘ಎಲ್ಲಾ ಛಲೋ ಐತ್ರಿ ಅಕ್ಕೋರ. ಇಲ್ಲಿ ಹೂಂ ಅಂದವರು ಸಹಿ ಮಾಡ್ತಾರ. ಒಲ್ಲೆ ಅನ್ನಾಕಿ ಎಲ್ಲಿ ಮಾಡಬೇಕ್ರಿ?’

ಒಪ್ಪಿಗೆಯ ಮೇಲೆ ಮೂವತ್ತೊಂದು ವರ್ಷ ಪಾಠ ಹೇಳಿದವಳಿಗೆ ಅದು ಹೊಳೆದೇ ಇರಲಿಲ್ಲ. ಬಾಗೇವಾಡಿಯ ಆ ನರ್ಸಿಗೆ ಕೊಡದೆ ಬಿಟ್ಟ ಉತ್ತರ ನೆನಪಾಯಿತು. ಒಲ್ಲೆ ಎನ್ನಲು ಜಾಗವೇ ಇಲ್ಲದ ಕಡೆ ಹೂಂ ಎಂದದ್ದಕ್ಕೆ ಏನು ಬೆಲೆ? ಚೀಲದಿಂದ ಪೆನ್ನು ತೆಗೆದು ಅವಳ ಕೈಗೇ ಕೊಟ್ಟೆ. ಅವಳು ಹಾಳೆಯನ್ನು ತೊಡೆಯ ಮೇಲಿಟ್ಟು, ಮೊದಲ ಗೆರೆಯ ಕೆಳಗೆ ಇನ್ನೊಂದು ಗೆರೆ ಎಳೆದಳು. ಸ್ವಲ್ಪ ಡೊಂಕಾಗಿತ್ತು. ಅದರ ಮುಂದೆ ‘ಒಲ್ಲೆ’ ಎಂದು ಬರೆದಳು. ಅಚ್ಚಿನಲ್ಲಿ ಗೆರೆ ನೆಟ್ಟಗಾಯಿತು, ಮಾತು ಅವಳದೇ ಉಳಿಯಿತು.

ಹೋದ ವಾರ ಮುದ್ದೇಬಿಹಾಳದಿಂದ ಒಬ್ಬ ಡಾಕ್ಟರು ಫೋನು ಮಾಡಿದ್ದರು. ದನಿಯಲ್ಲಿ ಸಿಟ್ಟಿತ್ತು.

‘ನೋಡ್ರಿ ಮೇಡಂ ನಿಮ್ಮ ಫಾರ್ಮಿನ ಕರಾಮತ್ತು. ಒಬ್ಬಾಕಿ ಒಲ್ಲೆ ಅನ್ನೂ ಗೆರಿ ಮ್ಯಾಲ ಸಹಿ ಮಾಡಿ ಕುಂತಾಳ. ಗಂಡ ಹೂಂ ಅಂತಾನ, ಅತ್ತಿ ಹೂಂ ಅಂತಾಳ. ಈಗ ನಾ ಏನು ಮಾಡ್ಲಿ?’

‘ಆಕೀನ ಕೇಳೀರೇನ್ರಿ, ಯಾಕ ಒಲ್ಲೆ ಅಂತ?’

‘ಇಲ್ರಿ,’ ಎಂದರು.

‘ಹಂಗಾರ ಫೋನ್ ಇಟ್ಟು ಹೋಗಿ ಕೇಳ್ರಿ,’ ಎಂದೆ.